ಕರಿಮೆಣಸಿನ ಲೆಕ್ಕ

ಮೊದಲ ಮಹಾಯುದ್ಧದ ಪಂಜಾಬಿ ಸೈನಿಕರು ಸುಮಾರು 3,20,000 ಮಂದಿಯ ವಿವರಗಳಿದ್ದ ರಿಜಿಸ್ಟರುಗಳು ಲಾಹೋರಿನ ಮ್ಯೂಸಿಯಂನಲ್ಲಿ ದಶಕಗಳ ಕಾಲ ಧೂಳು ತಿನ್ನುತ್ತಿದ್ದವು. 2021ರಲ್ಲಿ ಅವು ಕಂಪ್ಯೂಟರಿಗೆ ಬರತೊಡಗಿದವು. ಅಜ್ಜನನ್ನು ಹುಡುಕುವ ಮೊಮ್ಮಗನಿಗೆ ಅಲ್ಲಿ ಹೆಸರು, ಹಳ್ಳಿ, ದರ್ಜೆ, ಪಲ್ಟನ್ ಸಿಗಬಹುದು. ದನಿ ಸಿಗದು.

ದನಿಗಾಗಿ ನಾವು ಡೇವಿಡ್ ಒಮಿಸಿ ಸಂಪಾದಿಸಿದ ‘ಇಂಡಿಯನ್ ವಾಯ್ಸಸ್ ಆಫ್ ದಿ ಗ್ರೇಟ್ ವಾರ್’ (1999) ಓದಬೇಕು. ಫ್ರಾನ್ಸಿನ ರಣರಂಗದಿಂದ, ಇಂಗ್ಲೆಂಡಿನ ಆಸ್ಪತ್ರೆಗಳಿಂದ ನಮ್ಮ ಸಿಪಾಯಿಗಳು ಬರೆದ, ಬರೆಸಿದ ಪತ್ರಗಳು ಅದರಲ್ಲಿವೆ. ಉರ್ದು ಓದಿಕೊಂಡ ನಮಗೆ ಇಲ್ಲೊಂದು ಸಂಕಟ. ಎಷ್ಟೋ ಪತ್ರಗಳು ಉರ್ದುವಿನಲ್ಲಿದ್ದವು. ಪುಸ್ತಕದಲ್ಲಿರುವುದು ಸೆನ್ಸಾರ್ ಕಚೇರಿ ಮಾಡಿಸಿದ ಇಂಗ್ಲಿಷ್ ಅನುವಾದ. ಅಕ್ಷರ ಬಾರದ ಸಿಪಾಯಿ ಹೇಳಿದ್ದನ್ನು ಬರೆದವನೊಬ್ಬ, ಅನುವಾದಿಸಿದವನು ಇನ್ನೊಬ್ಬ. ಕಚೇರಿಗೆ ಬೇಕಿದ್ದುದು ಸೈನ್ಯದ ಮನಃಸ್ಥಿತಿಯೇ ಹೊರತು ಅಮ್ಮನಿಗೆ ಹೇಳಿದ ಸಲಾಮು, ಮಕ್ಕಳಿಗೆ ಮಾಡಿದ ದುವಾ ಅಲ್ಲ.

ಸಿಪಾಯಿಯೇನೂ ದಡ್ಡನಲ್ಲ. ಕರಿಮೆಣಸೆಂದರೆ ಭಾರತೀಯ ಸೈನಿಕ, ಕೆಂಪುಮೆಣಸೆಂದರೆ ಬಿಳಿಯ. ಕರಿಮೆಣಸು ಖರ್ಚಾಗುತ್ತಿದೆ ಎಂದು ಊರಿಗೆ ಬರೆದರೆ ಸಾವಿನ ಲೆಕ್ಕ ತಲುಪಿದಂತೆ. ಆದರೆ ಈ ಗುಟ್ಟು ನಮಗೆ ತಿಳಿದದ್ದೇ ಸೆನ್ಸಾರಿನವನು ಅದನ್ನು ಹಿಡಿದದ್ದರಿಂದ! ಅವನ ಕೈಗೆ ಸಿಗದೆ ಮನೆ ಸೇರಿದ ಮಾತುಗಳು ಈ ಸಂಕಲನದಲ್ಲಿ ಇರಲಾರವು. ಬರೆದುಕೊಟ್ಟವರು, ಅನುವಾದಿಸಿದವರು, ಸೆನ್ಸಾರಿನವರು ನಡುವೆ ನಿಂತ ಈ ಪತ್ರಗಳನ್ನು ಎಷ್ಟು ನಂಬಬಹುದೆಂದು ಒಮಿಸಿ ತಮ್ಮ ಪೀಠಿಕೆಯಲ್ಲಿ ಪ್ರಾಮಾಣಿಕವಾಗಿ ಚರ್ಚಿಸಿದ್ದಾರೆ. ಮೊಮ್ಮಗ ಮೊದಲು ಓದಬೇಕಾದುದು ಅದನ್ನು.