ಎಳ್ಳಿನ ಕ್ಯಾಲ್ಸಿಯಮ್: ಲೆಕ್ಕ ಎಲ್ಲಿ ತಪ್ಪುತ್ತದೆ?

‘ಎಳ್ಳಿನಲ್ಲಿ ಹಾಲಿಗಿಂತ ಹತ್ತು ಪಟ್ಟು ಕ್ಯಾಲ್ಸಿಯಮ್ ಇದೆ.’ ಈ ಮಾತನ್ನು ನೀವು ಶಾಲೆಯ ಗೋಡೆಪಟದಲ್ಲೋ, ಪತ್ರಿಕೆಯ ಆರೋಗ್ಯ ಅಂಕಣದಲ್ಲೋ, ಮೊಬೈಲಿಗೆ ಬಂದ ಸಂದೇಶದಲ್ಲೋ ಓದಿರುತ್ತೀರಿ. ನಾನು ತೀರ್ಪುಗಾರನಾಗಿ ಹೋಗಿದ್ದ ಒಂದು ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯ ಚಾರ್ಟಿನಲ್ಲಿಯೂ ಇದು ಇತ್ತು. ಕೆಳಗೆ ‘ಆದ್ದರಿಂದ ದಿನಕ್ಕೊಂದು ಚಮಚ ಎಳ್ಳು ಸಾಕು’ ಎಂಬ ತೀರ್ಮಾನ. ಮೊದಲ ವಾಕ್ಯ ಸರಿ, ತೀರ್ಮಾನ ತಪ್ಪು. ಎರಡರ ನಡುವೆ ಏನು ಬಿಟ್ಟುಹೋಗಿದೆ ಎಂಬುದನ್ನು ನೋಡೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಮ್ ಬಿಳಿ ಎಳ್ಳಿನಲ್ಲಿ ಸುಮಾರು 1280 ಮಿಲಿಗ್ರಾಮ್ ಕ್ಯಾಲ್ಸಿಯಮ್ ಇದೆ. ಹಸುವಿನ ಹಾಲಿನಲ್ಲಿ ಸುಮಾರು 118. ಆದರೆ ಇದು 100 ಗ್ರಾಮಿನ ಲೆಕ್ಕ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸಾಂದ್ರತೆ ಬೇರೆ, ರಾಶಿ ಬೇರೆ ಎಂದು ನಾವು ಹೇಳಿಕೊಡುತ್ತೇವೆ. ಊಟದ ತಟ್ಟೆಯ ಮುಂದೆ ಅದನ್ನೇ ಮರೆಯುತ್ತೇವೆ. ಹಾಲನ್ನು ನಾವು ಒಂದು ಲೋಟ, ಅಂದರೆ 200 ಗ್ರಾಮಿನಷ್ಟು ಕುಡಿಯುತ್ತೇವೆ. ಎಳ್ಳನ್ನು ತಿನ್ನುವುದು ಒಂದು ದೊಡ್ಡ ಚಮಚ, ಅಂದರೆ ಸುಮಾರು 10 ಗ್ರಾಮ್. ಲೋಟದಲ್ಲಿ 236 ಮಿಲಿಗ್ರಾಮ್, ಚಮಚದಲ್ಲಿ 128. ‘ಹತ್ತು ಪಟ್ಟು’ ಇಲ್ಲಿಗೇ ‘ಅರ್ಧದಷ್ಟು’ ಆಯಿತು! ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಮ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ ಎಂಬುದನ್ನೂ ಗಮನಿಸಿ.

ಎರಡನೆಯದು, ಯಾವ ಎಳ್ಳು? ಎಳ್ಳಿನ ಕ್ಯಾಲ್ಸಿಯಮ್‌ನ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಸಿಪ್ಪೆಸಹಿತ ಎಳ್ಳಿಗೆ 975 ಮಿಲಿಗ್ರಾಮ್, ಸಿಪ್ಪೆ ತೆಗೆದದ್ದಕ್ಕೆ ಕೇವಲ 60. ಸಂಕ್ರಾಂತಿಯ ಎಳ್ಳು–ಬೆಲ್ಲಕ್ಕೆಂದು ಸಿಪ್ಪೆ ತೆಗೆದು ಬೆಳ್ಳಗೆ ಮಾಡಿದ ಎಳ್ಳನ್ನು ಕೊಂಡರೆ ಚಾರ್ಟಿನ ಸಂಖ್ಯೆ ಅದಕ್ಕೆ ಅನ್ವಯಿಸುವುದೇ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಮೋಟಾರಿಗೆ ಕೊಟ್ಟ ವಿದ್ಯುತ್ತೆಲ್ಲ ಕೆಲಸವಾಗದಿರುವಂತೆ ಇಲ್ಲಿಯೂ ಒಂದು ‘ದಕ್ಷತೆ’ ಇದೆ. 1988ರಲ್ಲಿ ಹೀನಿ, ವೀವರ್ ಮತ್ತು ರೆಕ್ಕರ್ ಐಸೋಟೋಪಿನ ಗುರುತಿರುವ ಕ್ಯಾಲ್ಸಿಯಮ್ ಬಳಸಿ ಇದನ್ನು ಅಳೆದರು. ಹಾಲಿನಿಂದ ಶೇಕಡ 28ರಷ್ಟು ಹೀರಲ್ಪಟ್ಟರೆ ಪಾಲಕ್ ಸೊಪ್ಪಿನಿಂದ ಹೀರಲ್ಪಟ್ಟದ್ದು ಶೇಕಡ 5 ಮಾತ್ರ. ಸೊಪ್ಪಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್‌ನೊಡನೆ ಸೇರಿ ನೀರಿನಲ್ಲಿ ಕರಗದ ಲವಣವಾಗುವುದೇ ಕಾರಣ. ದಂಟು, ಬಸಳೆಗಳಲ್ಲಿಯೂ ಆಕ್ಸಲೇಟ್ ಹೆಚ್ಚು. ಸಿಪ್ಪೆ ತೆಗೆದ ಎಳ್ಳಿನಲ್ಲಿ ಹೀರಲ್ಪಡುವ ಪಾಲು ಐದರಲ್ಲೊಂದು ಎಂದು ಅಂದಾಜಿಸಲಾಗಿದೆ. ಸಿಪ್ಪೆಯಲ್ಲಿ ಆಕ್ಸಲೇಟ್ ಇನ್ನೂ ಹೆಚ್ಚಿರುವುದರಿಂದ ಇಡೀ ಎಳ್ಳು ಇದಕ್ಕಿಂತ ಉತ್ತಮವಾಗಿರಲು ಕಾರಣವಿಲ್ಲ.

ಈಗ ಲೆಕ್ಕ ಮಾಡಿ. ಒಂದು ಲೋಟ ಹಾಲಿನಿಂದ ದೇಹಕ್ಕೆ ದಕ್ಕುವುದು ಸುಮಾರು 66 ಮಿಲಿಗ್ರಾಮ್. ಉದಾರವಾಗಿ ಐದನೇ ಒಂದು ಪಾಲು ಕೊಟ್ಟರೂ ಚಮಚ ಎಳ್ಳಿನಿಂದ 26. ನೂರು ಗ್ರಾಮ್ ಪಾಲಕ್‌ನಲ್ಲಿ 82 ಮಿಲಿಗ್ರಾಮ್ ಇದ್ದರೂ ದಕ್ಕುವುದು 4. ಲೋಟ ಹಾಲಿಗೆ ಸಮನಾಗಲು ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ಪಾಲಕ್ ಬೇಕು!

ನಾನು ಇಷ್ಟನ್ನು ವಿವರಿಸಿದಾಗ ಆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ನಮ್ಮ ಮನೆಯಲ್ಲಿ ಹಾಲು ಚಹಾಕ್ಕೆ ಮಾತ್ರ ಸರ್. ಹಾಗಾದರೆ ನಾವು ಏನು ತಿನ್ನಬೇಕು?” ಟೀಕೆ ಮಾಡುವವರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಸಸ್ಯಾಹಾರದಿಂದ ಕ್ಯಾಲ್ಸಿಯಮ್ ಸಿಗುವುದೇ ಇಲ್ಲ ಎನ್ನುವುದೂ ಅಷ್ಟೇ ದೊಡ್ಡ ತಪ್ಪು. ಆಕ್ಸಲೇಟ್ ಕಡಿಮೆ ಇರುವ, ಕೋಸು–ಸಾಸಿವೆಯ ಕುಟುಂಬದ ಕೇಲ್ ಸೊಪ್ಪಿನಿಂದ ಹೀರಲ್ಪಡುವ ಪಾಲು ಹಾಲಿಗಿಂತಲೂ ಹೆಚ್ಚು ಎಂದು ಹೀನಿ ಮತ್ತು ವೀವರ್ 1990ರಲ್ಲಿ ತೋರಿಸಿದರು. ಅದೇ ಕುಟುಂಬದ ಸಾಸಿವೆ ಸೊಪ್ಪು ನಮಗೂ ಸಿಗುತ್ತದೆ.

ನಮ್ಮ ರಾಗಿಯನ್ನು ನೋಡಿ. ನೂರು ಗ್ರಾಮಿನಲ್ಲಿ 364 ಮಿಲಿಗ್ರಾಮ್. ಎಳ್ಳಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ರಾಗಿಯನ್ನು ಯಾರೂ ಚಮಚದಲ್ಲಿ ತಿನ್ನುವುದಿಲ್ಲ. ಒಂದು ಮುದ್ದೆಗೆ 100 ಗ್ರಾಮ್ ಹಿಟ್ಟು ಬಿದ್ದು, ಐದನೇ ಒಂದು ಪಾಲು ಮಾತ್ರ ದಕ್ಕುತ್ತದೆಂದು ಇಟ್ಟುಕೊಂಡರೂ 73 ಮಿಲಿಗ್ರಾಮ್ ಆಯಿತು. ಒಂದು ಲೋಟ ಹಾಲಿಗೆ ಸರಿಸಮ. ರಾಗಿಯಲ್ಲಿರುವ ಫೈಟೇಟ್ ಹೀರಿಕೆಯನ್ನು ತಡೆಯುತ್ತದೆ ನಿಜ. ಮೊಳಕೆ ಬರಿಸಿದರೆ, ಹುದುಗು ಬರಿಸಿದರೆ ಅದು ಕಡಿಮೆಯಾಗುತ್ತದೆ. ಮುದ್ದೆಯ ಜೊತೆಗೆ ಸೊಪ್ಪಿನ ಸಾರು, ಒಂದಿಷ್ಟು ಮಜ್ಜಿಗೆ, ಸಿಪ್ಪೆಸಹಿತ ಎಳ್ಳಿನ ಚಟ್ನಿಪುಡಿ ಇದ್ದರೆ ಮೊತ್ತ ಏರುತ್ತದೆ. ಎಳ್ಳು ಇಲ್ಲಿ ಸಹಾಯಕ, ಅದೊಂದೇ ಆಧಾರವಲ್ಲ. ಹೀರಿಕೆಗೆ ವಿಟಮಿನ್ ಡಿ, ಅಂದರೆ ಮೈಗೆ ಬಿಸಿಲು, ಬೇಕೆಂಬುದನ್ನೂ ಮರೆಯಬಾರದು.

ಶಿಕ್ಷಕ ಮಿತ್ರರೇ, ಮುಂದಿನ ಸಲ ಇಂತಹ ಚಾರ್ಟ್ ಬರೆಸುವಾಗ ಒಂದು ಅಂಕಣದ ಬದಲು ನಾಲ್ಕು ಅಂಕಣ ಹಾಕಿಸಿ: 100 ಗ್ರಾಮಿನಲ್ಲಿ ಎಷ್ಟು, ನಾವು ತಿನ್ನುವುದು ಎಷ್ಟು, ಹೀರಲ್ಪಡುವ ಪಾಲು ಎಷ್ಟು, ಕೊನೆಗೆ ದಕ್ಕಿದ್ದು ಎಷ್ಟು. ಮೂರನೆಯ ಅಂಕಣದಲ್ಲಿ ಅಂದಾಜು ಬರೆದಿದ್ದರೆ ‘ಅಂದಾಜು’ ಎಂದೇ ಬರೆಸಿ. ಬೇಕಾಗಿರುವುದು ಗುಣಾಕಾರ ಮಾತ್ರ. ಹಾಲು ಕೊಳ್ಳಲಾಗದ ಮನೆಯ ಮಗುವಿಗೆ ನಾವು ಕೊಡುವ ಸಲಹೆ ಆ ಗುಣಾಕಾರದ ಮೇಲೆ ನಿಂತಿರಬೇಕು.