ವೇಸೆನ್ ಮೇಳ ಮತ್ತು ಕೀಲಿವಾದ್ಯದ ಮರ್ಯಾದೆ

ದೇಶೀವಾದ್ಯವೊಂದನ್ನು ಪರವಾದ್ಯಗಳೊಡನೆ ಕೂಡಿಸಿ ನುಡಿಸುವುದು ಈಗ ಎಲ್ಲೆಡೆಯೂ ಕಾಣುವ ರೂಢಿ. ಬಹುಮಟ್ಟಿಗೆ ಇಂಥ ಕೂಟಗಳಲ್ಲಿ ಹಳೆಯ ವಾದ್ಯವು ಮದುವಣಗಿತ್ತಿಯಂತೆ ಸಿಂಗರಿಸಿಕೊಂಡು ಕುಳಿತಿರುತ್ತದೆ. ಮನೆಯ ಆಡಳಿತ ಮಾತ್ರ ಗಿಟಾರು, ತಾಳವಾದ್ಯಗಳ ಕೈಯಲ್ಲಿ. ಸ್ವೀಡನ್ ದೇಶದಲ್ಲಿ 1989ರಲ್ಲಿ ಹುಟ್ಟಿದ ವೇಸೆನ್ ಮೇಳವು ಈ ಮಾತಿಗೆ ಅಪವಾದ. ಆ ಪದಕ್ಕೆ ಸ್ವೀಡಿಷ್ ಭಾಷೆಯಲ್ಲಿ ಸತ್ತ್ವವೆಂದೂ ಗದ್ದಲವೆಂದೂ ಅರ್ಥವುಂಟು. ಮೇಳದ ಚರಿತ್ರೆಯಲ್ಲಿ ಎರಡೂ ಕಾಣಬರುತ್ತವೆ.

ಊಲೋವ್ ಯೋಹಾನ್ಸನ್ ನುಡಿಸುವ ನಿಕ್ಕೆಲ್‌ಹಾರ್ಪವೇ ಮೇಳದ ಜೀವ. ಕೊರಳಿಗೆ ಪಟ್ಟಿಯಿಂದ ತೂಗುಹಾಕಿದ ಈ ವಾದ್ಯದ ಮೇಲೆ ಬಲಗೈ ಗಿಡ್ಡ ಕಮಾನನ್ನು ಎಳೆಯುತ್ತಿರಲು, ಎಡಗೈ ಮರದ ಕೀಲಿಗಳನ್ನು ಕೆಳಗಿನಿಂದ ಒತ್ತುತ್ತದೆ. ಕೀಲಿಗೆ ನೆಟ್ಟ ಸಣ್ಣ ಗೂಟವು ತಂತಿಯನ್ನು ತಾಕಿ ಸ್ವರವನ್ನು ನಿರ್ಣಯಿಸುತ್ತದೆ. ಬೆರಳು ತೆಗೆದೊಡನೆ ಕೀಲಿಯು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಬುಲ್‌ಬುಲ್ ತರಂಗವನ್ನು ಕಂಡವರಿಗೆ ಕೀಲಿಯ ಕಲ್ಪನೆಯೂ, ಸಾರಂಗಿಯನ್ನು ಕೇಳಿದವರಿಗೆ ನಾದದ ಕಲ್ಪನೆಯೂ ಸುಲಭ. ಗಾಟ್‌ಲಂಡ್ ದ್ವೀಪದ ಇಗರ್ಜಿಯೊಂದರ ಸುಮಾರು 1350ರ ಕೆತ್ತನೆಯಲ್ಲಿ ಇದರ ಪೂರ್ವರೂಪವನ್ನು ಗುರುತಿಸುತ್ತಾರೆ. ಉಪ್ಲಂಡ್ ಪ್ರಾಂತದಲ್ಲಿ ಉಳಿದುಬಂದ ವಾದ್ಯಕ್ಕೆ ಇಂದಿನ ರೂಪ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಆಗಸ್ಟ್ ಬೂಲಿನ್ ಮತ್ತು ಎರಿಕ್ ಸಾಲ್‌ಸ್ಟ್ರೋಮ್ ಅವರಿಂದ. ರಾಗವನ್ನು ನುಡಿಸಲು 3 ತಂತಿ, ಶ್ರುತಿಗೆ 1, ಅವುಗಳಡಿಯಲ್ಲಿ ಸಾರಂಗಿಯ ತರಬುಗಳಂತೆ ತಾವಾಗಿಯೇ ಮಿಡಿಯುವ 12.

ಸಾರಂಗಿಗೂ ಇದಕ್ಕೂ ಇರುವ ಭೇದವೇ ಇಲ್ಲಿ ಮುಖ್ಯ. ಕೀಲಿಯು ಮೀಂಡನ್ನು ಒಲ್ಲದು. ಸ್ವರದಿಂದ ಸ್ವರಕ್ಕೆ ಜಾರುವ ಸುಖವನ್ನು ಕಳೆದುಕೊಂಡ ವಾದ್ಯವು ತನ್ನ ಲಾಲಿತ್ಯವನ್ನೆಲ್ಲ ಕಮಾನಿನ ಒತ್ತಿನಲ್ಲಿ, ನುಡಿದು ಮುಗಿದ ಸ್ವರದ ಹಿಂದೆ ಉಳಿಯುವ ಅನುರಣನದಲ್ಲಿ ಅರಸಬೇಕು. ಮೂರೆಣಿಕೆಯ ಪೋಲ್ಸ್ಕ ಕುಣಿತದ ಮಟ್ಟುಗಳು ಅದಕ್ಕೆ ಒಪ್ಪುವುದು ಇದರಿಂದಲೇ. ಜೊತೆಗಾರರು ಈ ಗುಟ್ಟನ್ನು ಅರಿತಿದ್ದರು. ರೋಜರ್ ಟಾಲ್‌ರೋಟ್ ತಮ್ಮ ಹನ್ನೆರಡು ತಂತಿಯ ಗಿಟಾರನ್ನು ರೂಢಿಯ ಶ್ರುತಿಯಿಂದ ಬಿಡಿಸಿ ಷಡ್ಜಪಂಚಮಗಳಿಗೆ ಕೂಡಿಸಿಕೊಂಡರು. ಗಿಟಾರು ಅಲ್ಲಿ ಅರ್ಧ ತಂಬೂರಿಯೇ ಸರಿ. ಮಿಕಾಯೆಲ್ ಮರೀನ್ ಅವರ ಐದು ತಂತಿಯ ವಿಯೋಲವು ಒಮ್ಮೆ ಮಂದ್ರದ ಆಧಾರ, ಒಮ್ಮೆ ಎದುರುನುಡಿ. ರಾಕ್ ಸಂಗೀತದ ಕಸುವು, ಪಾಶ್ಚಾತ್ಯ ಶಾಸ್ತ್ರೀಯದ ಹೆಣಿಗೆ ಎರಡೂ ಬಂದಿವೆ; ಆದರೆ ಅತಿಥಿಗಳಾಗಿ ಬಂದಿವೆ.

1990ರ ದಶಕದ ಉತ್ತರಾರ್ಧದಲ್ಲಿ ಆಂದ್ರೆ ಫೆರಾರಿಯವರ ತಾಳವಾದ್ಯಗಳು ಸೇರಿದವು. ಆಗಿನ ಧ್ವನಿಮುದ್ರಿಕೆಗಳನ್ನು ಮೆಚ್ಚುವವರು ಬಹಳ, ಅವುಗಳ ಉತ್ಸಾಹ ಅಲ್ಲಗಳೆಯುವಂಥದಲ್ಲ. ಆದರೂ ಪೆಟ್ಟಿನ ಮೇಲೆ ಪೆಟ್ಟು ಬೀಳುವಲ್ಲಿ ಆ ಹನ್ನೆರಡು ತಂತಿಗಳ ನಿಟ್ಟುಸಿರು ಮುಚ್ಚಿಹೋಗುತ್ತದೆ. ಕುಣಿಸುವ ಕೆಲಸವನ್ನು ಕಮಾನೇ ಮಾಡುತ್ತಿದ್ದಾಗ ಮದ್ದಳೆಗೆ ಏನು ಉದ್ಯೋಗ? 2003ರ 'ಟ್ರಿಯೋ' ಧ್ವನಿಮುದ್ರಿಕೆಯಲ್ಲಿ ಮೂವರೇ ಮರಳಿ ಕುಳಿತಾಗ ಕೀಲಿಗಳ ಟಕಟಕ ಸದ್ದೂ ಕಿವಿಗೆ ಬೀಳುತ್ತದೆ. ಕೆಲವರಿಗೆ ಅದು ದೋಷವೆನಿಸೀತು. ವಾದ್ಯದ ಜಾತಿಗುಣವೇ ಅದು. ಲಿನೇಯಸ್ ಹುಟ್ಟಿ 300 ವರ್ಷ ತುಂಬಿದ 2007ರಲ್ಲಿ ಹೊರಟ 'ಲಿನೇಯಸ್ ವೇಸೆನ್' ಈ ಮಿತವ್ಯಯದ ಪಕ್ವಫಲ.

2019ರ 'ರೂಲ್ ಆಫ್ ತ್ರೀ' ಬಳಿಕ ಮರೀನ್ ಮೇಳವನ್ನು ಬಿಟ್ಟರು. ಯೋಹಾನ್ಸನ್, ಟಾಲ್‌ರೋಟ್ ಇಬ್ಬರೇ ಮುಂದುವರಿದರು. ವಿಯೋಲವು ಹೊರುತ್ತಿದ್ದ ಮಂದ್ರದ ಭಾರ ಈಗ ಗಿಟಾರಿನ ಮೇಲಿದೆ, ಎದುರುನುಡಿಗೆ ಎಡೆ ಕಿರಿದಾಗಿದೆ. ಮಿಡಿಯುವ ತಂತಿಗಳು ಮಾತ್ರ ಹಿಂದೆಂದಿಗಿಂತ ಸ್ಪಷ್ಟವಾಗಿ ಕೇಳಿಸುತ್ತಿವೆ.