ಸಂಪಾದಕರ ಗದ್ಯ

ಕನ್ನಡ ಗದ್ಯದ ಬೆಳವಣಿಗೆಯನ್ನು ಕುರಿತು ಬರೆಯುವವರು ಕಾದಂಬರಿಕಾರರನ್ನು ಹೆಸರಿಸುತ್ತಾರೆ, ಪ್ರಬಂಧಕಾರರನ್ನು ಹೆಸರಿಸುತ್ತಾರೆ. ಪತ್ರಿಕಾ ಸಂಪಾದಕರ ಸರದಿ ಬಂದಾಗ ಮಾತ್ರ ಅವರ ಲೇಖಣಿ ಹಿಂಜರಿಯುತ್ತದೆ. ಅಗ್ರಲೇಖನದ ಆಯುಸ್ಸು ಒಂದು ದಿನ, ಬಹಳವಾದರೆ ಒಂದು ವಾರ. ಮುಂದೆ ಅದರಲ್ಲಿ ಕಿರಾಣಿ ಅಂಗಡಿಯವನು ಬೆಲ್ಲ ಕಟ್ಟಿಕೊಡುತ್ತಾನೆ ಎಂಬುದು ಅವರ ವಾದ. ವಾದವೇನೋ ಸುಳ್ಳಲ್ಲ. ಆದರೆ ಒಂದು ನಾಡಿನ ಜನ ರಾಜಕಾರಣವನ್ನು ಯಾವ ಮಾತಿನಲ್ಲಿ ಯೋಚಿಸಬೇಕು ಎಂಬುದನ್ನು ಅವರಿಗೆ ಕಲಿಸಿಕೊಟ್ಟದ್ದು ಆ ಬೆಲ್ಲ ಕಟ್ಟಿದ ಕಾಗದವೇ ಹೊರತು ನಮ್ಮ ಮಹಾಕಾವ್ಯಗಳಲ್ಲ. ಆದುದರಿಂದ ಆ ಗದ್ಯವನ್ನೂ ಸಾಹಿತ್ಯದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯವೆಂದು ನನಗೆ ತೋರುತ್ತದೆ. ಹಾಗೆ ನೋಡಲು ಉತ್ತರ ಕರ್ನಾಟಕದಲ್ಲಿ ಶ್ರೀ ಪಾಟೀಲ ಪುಟ್ಟಪ್ಪನವರಿಗಿಂತ ಯೋಗ್ಯವಾದ ಉದಾಹರಣೆ ದೊರೆಯಲಾರದು.

ಪುಟ್ಟಪ್ಪನವರ ಜೀವನವೃತ್ತಾಂತವನ್ನು ವಿಸ್ತರಿಸುವುದು ಇಲ್ಲಿ ನನ್ನ ಉದ್ದೇಶವಲ್ಲ. 1921ರ ಜನವರಿ 14ರಂದು ಹಾವೇರಿ ಸಮೀಪದ ಕುರಬಗೊಂಡದಲ್ಲಿ ಜನನ. ಬೆಳಗಾವಿಯಲ್ಲಿ ಕಾನೂನಿನ ವ್ಯಾಸಂಗ. 1949ರಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಅಭ್ಯಾಸ. ಅಲ್ಲಿಂದ ಮರಳಿ ಬಂದವರು ಮುಂಬಯಿಯಲ್ಲಿಯೋ ದಿಲ್ಲಿಯಲ್ಲಿಯೋ ದೊಡ್ಡ ಇಂಗ್ಲಿಷ್ ಪತ್ರಿಕೆಯೊಂದನ್ನು ಸೇರಬಹುದಾಗಿತ್ತು. ಅವರು ಹುಬ್ಬಳ್ಳಿಯಲ್ಲಿ ನೆಲೆಸಿದರು. 'ವಿಶಾಲ ಕರ್ನಾಟಕ', 'ನವಯುಗ'ಗಳ ಸಂಪಾದಕತ್ವ. 1954ರಲ್ಲಿ 'ಪ್ರಪಂಚ' ವಾರಪತ್ರಿಕೆ. 1959ರಲ್ಲಿ 'ವಿಶ್ವವಾಣಿ' ದೈನಿಕ. 2020ರ ಮಾರ್ಚ್ 16ರಂದು ತೀರಿಕೊಳ್ಳುವವರೆಗೂ ಅವರನ್ನು ಜನ 'ಪಾಪು' ಎಂದೇ ಕರೆದರು. ಸಂಪಾದಕನೊಬ್ಬನನ್ನು ಮನೆಯ ಮಗನ ಹೆಸರಿನಿಂದ ಕರೆಯುವ ಈ ಸಲುಗೆ ನಮ್ಮ ಕಡೆ ಎಲ್ಲರಿಗೂ ಸಲ್ಲುವಂಥದಲ್ಲ.

ಅವರು ಪತ್ರಿಕೆಗಿಳಿದ ಕಾಲವೇ ಅಂಥದು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಕನ್ನಡಿಗರು ಹಂಚಿಹೋಗಿದ್ದರು. 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡರು ಏಕೀಕರಣಕ್ಕಾಗಿ ಇಪ್ಪತ್ತಮೂರು ದಿನ ಉಪವಾಸ ಕೂತರು. ಆ ಏಪ್ರಿಲ್ಲಿನಲ್ಲಿ ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಡಿಸೆಂಬರದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಇಂಥ ಹೊತ್ತಿನಲ್ಲಿ ಕನ್ನಡ ಪತ್ರಕರ್ತ ತಕ್ಕಡಿ ಹಿಡಿದು ಕೂಡುವುದು ಸುಲಭವಲ್ಲ. ಧಾರವಾಡದ ಮುದವೀಡು ಕೃಷ್ಣರಾಯರಿಂದ ಹಿಡಿದು 'ಕರ್ಮವೀರ'ದ ರಂಗನಾಥ ದಿವಾಕರರವರೆಗೆ ಈ ಕಡೆಯ ಸಂಪಾದಕರೆಲ್ಲ ಹೋರಾಟದ ಬೀದಿಯಲ್ಲಿ ನಿಂತೇ ಬರೆದವರು. ಪುಟ್ಟಪ್ಪನವರೂ ಆ ಮನೆತನಕ್ಕೇ ಸೇರಿದವರು.

ಇನ್ನು ಅವರ ಗದ್ಯದ ಮಾತು. ಮೊದಲ ಓದಿಗೇ ಕಣ್ಣಿಗೆ ಬೀಳುವ ಗುಣವೆಂದರೆ ವಾಕ್ಯದ ಗಿಡ್ಡತನ. ಒಂದು ಹೇಳಿಕೆ, ಅದರ ಬೆನ್ನಿಗೆ ಒಂದು ಪ್ರಸಂಗ, ಆಮೇಲೆ ಒಂದು ಪೆಟ್ಟು. ಇದನ್ನು ಅಮೇರಿಕೆಯ ಶಿಕ್ಷಣದ ಫಲವೆಂದು ಬಗೆಯುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಗದುಗಿನ ಮಗ್ಗುಲಿನ ನಮ್ಮ ಮಲ್ಲಸಮುದ್ರದಲ್ಲಿ ನಾನು ಹುಡುಗನಾಗಿದ್ದಾಗ ಪತ್ರಿಕೆಯನ್ನು ಕಣ್ಣಿನಿಂದ ಓದುವವರು ಕಡಿಮೆ. ಕಿವಿಯಿಂದ ಓದುವವರೇ ಹೆಚ್ಚು. ಹುಬ್ಬಳ್ಳಿಯಿಂದ ಗದುಗಿಗೆ, ಗದುಗಿನಿಂದ ಊರಿಗೆ ಬಂದ ಒಂದು ಪ್ರತಿ ಕಟ್ಟೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಶಾಲೆ ಕಲಿತ ಹುಡುಗನೊಬ್ಬ ಗಟ್ಟಿಯಾಗಿ ಓದಬೇಕು, ಹಿರಿಯರು ಕೇಳಬೇಕು. ಆ ಕೆಲಸ ಎಷ್ಟೋ ಸಲ ನನ್ನ ಪಾಲಿಗೆ ಬರುತ್ತಿತ್ತು. ಉದ್ದನೆಯ ಸಮಾಸಗಳಿಂದ ತುಂಬಿದ ಲೇಖನವಾದರೆ ಎರಡನೆಯ ಪ್ಯಾರಾದೊಳಗೆ ಯಾರಾದರೂ ಎಲೆ-ಅಡಿಕೆ ಚೀಲ ಬಿಚ್ಚುತ್ತಿದ್ದರು. ಪುಟ್ಟಪ್ಪನವರ ಬರಹವಾದರೆ, "ಏ ತಮ್ಮಾ, ಅದನ್ನ ಇನ್ನೊಮ್ಮಿ ಓದು" ಎಂಬ ಅಪ್ಪಣೆಯಾಗುತ್ತಿತ್ತು. ವೀರನಾರಾಯಣನ ಗುಡಿಯ ಸೀಮೆಯಲ್ಲಿ ಕುಮಾರವ್ಯಾಸನನ್ನು ಓದಿಸಿ ಕೇಳಿದ ಕಿವಿಗಳವು; ಎಲ್ಲಿ ಮಾತು ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದು ಅವಕ್ಕೆ ಗೊತ್ತು. ಪುಟ್ಟಪ್ಪನವರ ವಾಕ್ಯ ಈ ಕಿವಿಯ ಪರೀಕ್ಷೆಯಲ್ಲಿ ಪಾಸಾದದ್ದು. ಅವರು ಹೆಸರಾಂತ ಭಾಷಣಕಾರರಾಗಿದ್ದುದು ಆಕಸ್ಮಿಕವಲ್ಲ. ಅವರ ಲೇಖನವೂ ಭಾಷಣವೂ ಒಂದೇ ಬಾವಿಯ ನೀರು.

ಆದರೆ ಕಿವಿಗಾಗಿ ಬರೆದ ಗದ್ಯಕ್ಕೆ ಒಂದು ಅಪಾಯವುಂಟು. ಚಪ್ಪಾಳೆ ಬಿದ್ದ ಸ್ಥಳಕ್ಕೆ ಅದು ಮತ್ತೆ ಮತ್ತೆ ಹೋಗುತ್ತದೆ. ಅವರ ಬರಹಗಳನ್ನು ಸಂಗ್ರಹವಾಗಿ ಓದಿದಾಗ ಈ ದೋಷ ಎದ್ದು ಕಾಣುತ್ತದೆ: ಹೇಳಿದ ಪ್ರಸಂಗವೇ ತಿರುಗಿ ಬರುತ್ತದೆ, ಹೊಗಳಿಕೆ ಬಂದರೆ ಮುಗಿಲಿಗೆ, ಸಿಟ್ಟು ಬಂದರೆ ಪಾತಾಳಕ್ಕೆ. ವಾರಕ್ಕೊಮ್ಮೆ ಓದಿದವನಿಗೆ ಇದು ತಿಳಿಯದು, ಪುಸ್ತಕದಲ್ಲಿ ಮುಚ್ಚಿಡಲಾಗದು. ವ್ಯಕ್ತಿಗಳ ವಿಷಯ ಬರೆಯುವಾಗ ಮಾತ್ರ ಅವರ ಕೈ ಹದವಾಗಿರುತ್ತದೆ. ಸಂಗೀತಗಾರರನ್ನು ಕುರಿತ 'ಕರ್ನಾಟಕ ಸಂಗೀತ ಕಲಾರತ್ನರು' ಎಂಬ ಪುಸ್ತಕ ರಾಜಕೀಯ ಪತ್ರಕರ್ತನದೆಂಬುದು ಅನೇಕರಿಗೆ ಆಶ್ಚರ್ಯ. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಮನುಷ್ಯನನ್ನು ನೋಡುವಾಗ ಅವರು ವಕೀಲಿ ಮರೆಯುತ್ತಾರೆ, ಪ್ರಶ್ನೆಯನ್ನು ನೋಡುವಾಗ ಮರೆಯುವುದಿಲ್ಲ.

ನನ್ನ ಮುಖ್ಯ ತಕರಾರು ಇರುವುದು ಈ ವಕೀಲಿಯ ಬಗೆಗೇ. ಗಡಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, 1967ರಲ್ಲಿ ವರದಿ ಬಂದು, ಬೆಳಗಾವಿ ನಮ್ಮಲ್ಲಿಯೇ ಉಳಿಯಬೇಕೆಂದಾಯಿತು. ಕನ್ನಡದ ಪಕ್ಷ ನ್ಯಾಯವಾದದ್ದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಎದುರು ಪಕ್ಷದವರು ಏನು ಹೇಳುತ್ತಾರೆ, ಅವರ ಆಧಾರವೇನು ಎಂದು ನಮ್ಮ ಕಟ್ಟೆಯ ಹಿರಿಯರು ಕೇಳಿದ್ದರೆ ಓದುತ್ತಿದ್ದ ಹುಡುಗನಲ್ಲಿ ಉತ್ತರವಿರಲಿಲ್ಲ. ಕೈಯಲ್ಲಿದ್ದ ಪತ್ರಿಕೆ ಅವನಿಗೆ ತೀರ್ಪನ್ನು ಕೊಟ್ಟಿತ್ತು, ಸಾಕ್ಷಿಯನ್ನು ಕೊಟ್ಟಿರಲಿಲ್ಲ. ಇದು ಪುಟ್ಟಪ್ಪನವರೊಬ್ಬರ ದೋಷವಲ್ಲ, ನಮ್ಮ ಕಡೆಯ ಪತ್ರಿಕಾ ಪರಂಪರೆಯ ದೋಷ. 1928ರಲ್ಲಿ ಬಾಗಲಕೋಟೆಯ ಪತ್ರಿಕಾಕರ್ತರ ಸಮ್ಮೇಳನದ ಅಧ್ಯಕ್ಷತೆ ವಹಿಸಿ, 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೇ ಬರೆದ ಡಿ. ವಿ. ಗುಂಡಪ್ಪನವರ ದಾರಿ ಬೇರೆಯಾಗಿತ್ತು. ಅವರದು ತೂಗಿ ನೋಡುವ ಗದ್ಯ. ಓದುಗನನ್ನು ಪಂಚನನ್ನಾಗಿ ಕೂಡಿಸುತ್ತದೆ. ಪುಟ್ಟಪ್ಪನವರದು ಕೂಗಿ ಎಬ್ಬಿಸುವ ಗದ್ಯ. ಹಾಗೆಂದು ಗುಂಡಪ್ಪನವರನ್ನು ಕಟ್ಟೆಯ ಮೇಲೆ ಓದಿದ್ದರೆ ಎಲೆ-ಅಡಿಕೆ ಚೀಲಗಳೆಲ್ಲ ಬಿಚ್ಚುತ್ತಿದ್ದವು ಎಂಬುದನ್ನೂ ಒಪ್ಪಬೇಕು.

1962ರಿಂದ 1974ರ ವರೆಗೆ, ಹನ್ನೆರಡು ವರ್ಷ, ಪುಟ್ಟಪ್ಪನವರು ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಯ ಸದಸ್ಯರಾಗಿದ್ದರು. ಸಂಪಾದಕ ಅಧಿಕಾರದ ಪಕ್ಷದ ಬೆಂಚಿನಲ್ಲಿ ಕೂಡಬಹುದೇ? ಕೂಡಿದವರು ಅನೇಕರಿದ್ದಾರೆ. ಲಾಭವೂ ಉಂಟು: ದಿಲ್ಲಿಯ ಒಳಮನೆ ಕಂಡವನು ದಿಲ್ಲಿಯನ್ನು ಬಲ್ಲವನಾಗಿ ಬರೆಯುತ್ತಾನೆ. ಆದರೆ 1969ರಲ್ಲಿ ಆ ಪಕ್ಷವೇ ಇಬ್ಭಾಗವಾದಂಥ ಸಂದರ್ಭದಲ್ಲಿ, ತಾನು ಓದುತ್ತಿರುವುದು ಸಂಪಾದಕನ ಮಾತೋ ಸದಸ್ಯನ ಮಾತೋ ಎಂದು ಓದುಗನಿಗೆ ಅನುಮಾನ ಬಂದರೆ ಅದನ್ನು ತಪ್ಪೆನ್ನಲಾಗದು. ಆ ಅನುಮಾನಕ್ಕೆ ಸಂಪಾದಕನ ಸಜ್ಜನಿಕೆ ಉತ್ತರವಲ್ಲ. ಪುಟ್ಟಪ್ಪನವರಂಥ ನಿರ್ಭೀತರ ವಿಷಯದಲ್ಲಿಯೂ ನಾನು ಇದೇ ಮಾತನ್ನು ಹೇಳುತ್ತೇನೆ.

ಸದಸ್ಯತ್ವ ಮುಗಿದ ಮೇಲಿನ ಪುಟ್ಟಪ್ಪನವರೇ ನನಗೆ ಹೆಚ್ಚು ಪ್ರಿಯರು. 1890ರಲ್ಲಿ ಸ್ಥಾಪನೆಯಾದ ಧಾರವಾಡದ ವಿದ್ಯಾವರ್ಧಕ ಸಂಘದ ಅಧ್ಯಕ್ಷರಾಗಿ ಅವರು ದಶಕಗಳ ಕಾಲ ದುಡಿದರು; 1982ರ ಗೋಕಾಕ ಚಳವಳಿಯ ಮುಂಚೂಣಿಯಲ್ಲಿ ನಿಂತರು; ಸರ್ಕಾರದ ಕನ್ನಡ ಕಾವಲು ಸಮಿತಿಗೆ ಮೊದಲ ಅಧ್ಯಕ್ಷರಾದರು; ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಗೇ ಬರಬೇಕೆಂದು ಹಟ ಹಿಡಿದರು. 2003ರಲ್ಲಿ, ಆ ವಲಯ ಕಾರ್ಯಾರಂಭ ಮಾಡಿದ ವರ್ಷವೇ, ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಪತ್ರಕರ್ತನಿಗೆ ಆ ಪೀಠ ಸಲ್ಲುವುದೇ ಎಂದು ಮೂಗು ಮುರಿದವರಿಗೆ, ಗುಂಡಪ್ಪನವರೂ ಪತ್ರಕರ್ತರಾಗಿಯೇ ಬಾಳನ್ನು ಆರಂಭಿಸಿದವರೆಂದು ನೆನಪು ಮಾಡಿಕೊಟ್ಟರೆ ಸಾಕಾಗುತ್ತಿತ್ತು.

'ನನ್ನದು ಈ ಕನ್ನಡ ನಾಡು' ಮೊದಲಾದ ಅವರ ಪುಸ್ತಕಗಳು ಕೈಗೆ ಸಿಗುತ್ತವೆ. ಆದರೆ ಗದ್ಯಕಾರ ಪುಟ್ಟಪ್ಪನವರನ್ನು ಕಾಣಬೇಕಾದರೆ ವಾರವಾರದ ಬರಹವನ್ನೇ ನೋಡಬೇಕು. ಅದನ್ನು ತಾರೀಖು ಸಹಿತ, ಆ ವಾರ ಏನು ನಡೆದಿತ್ತೆಂಬ ನಾಲ್ಕು ಸಾಲಿನ ಟಿಪ್ಪಣಿ ಸಹಿತ, ಪುನರುಕ್ತಿಗಳನ್ನು ನಿರ್ದಾಕ್ಷಿಣ್ಯವಾಗಿ ಬಿಟ್ಟು, ಆಯ್ದು ಅಚ್ಚು ಹಾಕಬೇಕು. ಅಭಿಮಾನಿಗಳಿಗಿಂತ ಚರಿತ್ರಕಾರನೊಬ್ಬನ ಕೈಗೆ ಈ ಕೆಲಸ ಒಪ್ಪಿಸಿದರೆ ಲೇಸು. ಆಯೋಗ ನೇಮಕವಾದ 1953ರಿಂದ ರಾಜ್ಯ ಒಂದಾದ 1956ರ ನವೆಂಬರದವರೆಗಿನ ಬರಹಗಳಿಂದ ಆರಂಭಿಸಬಹುದು.